ಫ್ರೇಮ್ ತುಂಬುವಷ್ಟು ಸತ್ಯ

ಮಾರ್ಚ್ 20, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ನಮ್ಮ ಉಡುಪಿ ಕಡೆ ಒಬ್ಬ ಮನುಷ್ಯ ಮೈಮೇಲೆ ಒಂದೇ ಒಂದು ಸನ್ಮಾನದ ಶಾಲು ಬೀಳದೆ ಅರವತ್ತು ದಾಟುವುದು ಸುಲಭವಲ್ಲ. ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ತಪ್ಪಿಸಿಕೊಂಡವರು ಕ್ರಿಕೆಟ್ ಪಂದ್ಯಾಟದ ಸಮಾರೋಪದಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಯೂ ನುಣುಚಿಕೊಂಡವರನ್ನು ಹಳೆ ವಿದ್ಯಾರ್ಥಿ ಸಂಘದವರು ಮನೆಗೇ ಬಂದು ಹಿಡಿಯುತ್ತಾರೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಮತ್ತು ಸನ್ಮಾನ ಪತ್ರ. ಮೊದಲ ಐದು ಅಂಗಡಿಯಲ್ಲಿ ಸಿಗುತ್ತವೆ. ಆರನೆಯದನ್ನು ಯಾರಾದರೂ ಕುಳಿತು ಬರೆಯಬೇಕು. ಕಾಪುವಿನ ನಮ್ಮ ಯುವಕ ಮಂಡಲದಲ್ಲಿ ಹಾಗೆ ಬರೆಯುವವಳು ನಾನು. ಹೆಸರು ಯುವಕ ಮಂಡಲವಾದರೂ ಅಧ್ಯಕ್ಷರಿಗೆ ಐವತ್ತೆರಡು ವರ್ಷ, ಪತ್ರ ಬರೆಯುವುದಕ್ಕೆ ಪಕ್ಕದೂರು ಇನ್ನಂಜೆಯ ಹುಡುಗಿ. ಇದರಲ್ಲಿ ಯಾರಿಗೂ ತಕರಾರಿಲ್ಲ, ಏಕೆಂದರೆ ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಿದವರ ಪಟ್ಟಿ ನನ್ನ ಬಳಿ ಇದೆ.

ಹೌದು, ನಾನು ಪಟ್ಟಿ ಮಾಡುವವಳು. ಮಣಿಪಾಲದ ಒಂದು ಕಚೇರಿಯ ಕಡತ ವಿಭಾಗದಲ್ಲಿ ಕೆಲಸ. ಅಲ್ಲಿ ಎಣಿಸಿ ಬಂದದ್ದು ಸಾಲದೆ ಮನೆಯಲ್ಲೂ ಎಣಿಸುತ್ತೇನೆ. ಆರು ವರ್ಷಗಳಲ್ಲಿ ಬರೆದ ಸನ್ಮಾನ ಪತ್ರಗಳು ನಲವತ್ತೊಂದು. ಅವುಗಳಲ್ಲಿ ‘ಸರಳ ಸಜ್ಜನರು’ ಮೂವತ್ತೆಂಟು ಮಂದಿ. ‘ಬಹುಮುಖ ಪ್ರತಿಭೆ’ ಇಪ್ಪತ್ತೊಂಬತ್ತು. ‘ಕೊಡುಗೈ ದಾನಿ’ ಇಪ್ಪತ್ತೆರಡು. ‘ಅಜಾತಶತ್ರು’ ಹದಿನೇಳು. ಈ ಹದಿನೇಳರಲ್ಲಿ ಇಬ್ಬರು ಅಣ್ಣತಮ್ಮಂದಿರು. ಗಡಿಕಲ್ಲಿನ ವಿಷಯದಲ್ಲಿ ಪರಸ್ಪರರ ಮೇಲೆ ದಾವೆ ಹೂಡಿದ್ದಾರೆ. ಆ ಇಬ್ಬರಿಗೂ ಪತ್ರ ಬರೆದುಕೊಟ್ಟ ದಿನ ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ನಲವತ್ತೆರಡನೆಯ ಪತ್ರದಲ್ಲಿ ಮಾತ್ರ ನಾನು ಹಠ ಹಿಡಿದೆ.

ಆ ಪತ್ರ ಒಬ್ಬ ಗಾಯಕರಿಗೆ ಸಲ್ಲಬೇಕಾದದ್ದು. ಹೆಸರು ಬರೆಯುವುದಿಲ್ಲ. ತಾಯಿಮನೆ ಕಾರ್ಕಳ, ಓದಿದ್ದು ಅಲ್ಲಿ, ಈಗ ಇರುವುದು ಮುಂಬಯಿ. ತುಳುವಿನಲ್ಲೂ ಕನ್ನಡದಲ್ಲೂ ಪಾಪ್ ಹಾಡು ಹಾಡುತ್ತಾರೆ. ಕಡಲು, ಕಾಡು, ಹೊಳೆ ಬಿಟ್ಟರೆ ಅವರ ಹಾಡಿಗೆ ಬೇರೆ ವಸ್ತುವಿಲ್ಲ. ಒಂದು ಹಾಡಿನಲ್ಲಂತೂ ಒಂದು ಸ್ವಿಚ್ ಆರಿಸು, ಒಂದು ಅಲೆ ಉಳಿಸು ಎಂದು ಎಂತಹ ದನಿಯಲ್ಲಿ ಬೇಡಿಕೊಳ್ಳುತ್ತಾರೆಂದರೆ, ಅದನ್ನು ಕೇಳಿದ ಮರುದಿನವೇ ನಾನು ಕಚೇರಿಯ ಲಿಫ್ಟ್ ಬಿಟ್ಟೆ. ನಾಲ್ಕು ಮಹಡಿ. ಫೆಬ್ರವರಿ 24ಕ್ಕೆ ಮುನ್ನೂರ ಹನ್ನೊಂದು ಕೆಲಸದ ದಿನಗಳಾಗಿದ್ದವು. ನಾಲ್ಕು ದಿನ ಕಾಲು ಉಳುಕಿತ್ತು. ಆಗಲೂ ಹತ್ತಿದೆ, ಕಂಬಿ ಹಿಡಿದುಕೊಂಡು.

ಆ ಫೆಬ್ರವರಿ 24ರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದಾಗ ಗಾಯಕರ ಪ್ರಕಟಣೆ ಕಣ್ಣಿಗೆ ಬಿತ್ತು. ಕಡಲಾಮೆಯ ಡಿಜಿಟಲ್ ಚಿತ್ರಗಳನ್ನು ಕ್ರಿಪ್ಟೊ ಸಂಗ್ರಹವಾಗಿ ಮಾರುತ್ತಿದ್ದಾರಂತೆ. ಹನ್ನೆರಡು ಬಣ್ಣದ ಹನ್ನೆರಡು ಆಮೆಗಳು, ಒಂದೊಂದಕ್ಕೂ ಹಾಡಿನ ಒಂದೊಂದು ತುಣುಕು. ನನಗೆ ತಲೆಬುಡ ತಿಳಿಯಲಿಲ್ಲ. ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಪ್ರಶಾಂತ ಎದುರಿಗೇ ಬುತ್ತಿ ಬಿಚ್ಚಿದ್ದ. ಅವನನ್ನು ಕೇಳಿದೆ.

“ಒಂದು ಲೆಕ್ಕದ ಪುಸ್ತಕ ಉಂಟು ಅಂತ ತಿಳ್ಕೋ,” ಎಂದ. “ಅದು ಒಬ್ಬರ ಕೈಯಲ್ಲಿಲ್ಲ. ಲೋಕದಲ್ಲಿರುವ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಉಂಟು. ಅದರಲ್ಲಿ ‘ಈ ಆಮೆ ಇಂಥವರದ್ದು’ ಅಂತ ಒಂದು ಸಾಲು ಬರೀಬೇಕಾದ್ರೆ ಅಷ್ಟೂ ಕಂಪ್ಯೂಟರ್ ಒಟ್ಟಿಗೆ ಒಂದು ಕಷ್ಟದ ಲೆಕ್ಕ ಬಿಡಿಸ್ಲಿಕ್ಕೆ ಕೂತ್ಕೊಳ್ತವೆ. ಮೊದಲು ಬಿಡಿಸಿದ್ದು ಬರೀತದೆ.”

“ಉಳಿದವು?”

“ಉಳಿದವು ಬಿಡಿಸಿದ್ದು ದಂಡ. ಕರೆಂಟ್ ಹೋಯ್ತು, ಅಷ್ಟೆ.”

“ಚಿತ್ರ ಯಾರ ಹತ್ತಿರ ಇರ್ತದೆ?”

“ಚಿತ್ರ ಎಲ್ಲರಿಗೂ ಕಾಣ್ತದೆ. ನೀನೀಗ ನೋಡ್ತಾ ಇದ್ದಿ ಅಲ್ವಾ? ಮಾರುವುದು ಆ ಒಂದು ಸಾಲನ್ನು ಮಾತ್ರ.”

ಕಡತ ವಿಭಾಗದವಳಾದ ನನಗೆ ಲೆಕ್ಕದ ಪುಸ್ತಕಗಳ ಮೇಲೆ ಗೌರವವಿದೆ. ಆದರೆ ಒಂದು ಸಾಲಿನ ನಮೂದಿಗೆ ಇಡೀ ವಿಭಾಗ ಒಟ್ಟಿಗೆ ಪೆನ್ನು ಹಿಡಿದು, ಒಬ್ಬರದ್ದನ್ನು ಇಟ್ಟುಕೊಂಡು ಉಳಿದವರದ್ದನ್ನು ಹರಿದುಹಾಕುವ ಪದ್ಧತಿಯನ್ನು ನಮ್ಮ ಮೇಲಧಿಕಾರಿಗಳು ಕೂಡ ಇನ್ನೂ ಯೋಚಿಸಿಲ್ಲ. ಎಲ್ಲೋ ಒಂದು ಕಡೆ ಯಂತ್ರಗಳು ಬಿಸಿಯಾಗಿ ಗುಂಯ್‌ಗುಡುವುದು ನನ್ನ ಕಿವಿಗೆ ಕೇಳಿದಂತಾಯಿತು. ನಾಲ್ಕು ಮಹಡಿಯ ಮೆಟ್ಟಿಲುಗಳು ಒಮ್ಮೆಲೇ ನನ್ನ ಮೊಣಕಾಲಿಗೆ ಬಂದು ಕುಳಿತವು.

ಇದಾದ ಮೂರನೆಯ ದಿನ, ಫೆಬ್ರವರಿ 27ರ ಭಾನುವಾರ, ಮಂಡಲದ ಸಭೆ. ಮಾರ್ಚ್ 12ರಂದು ‘ಕಡಲು ಉಳಿಸಿ’ ಕಾರ್ಯಕ್ರಮ, ಅಂದು ಇದೇ ಗಾಯಕರಿಗೆ ‘ಪರಿಸರ ಪ್ರೇಮಿ’ ಎಂಬ ಸನ್ಮಾನ ಎಂದು ಅಧ್ಯಕ್ಷ ಸದಾನಂದಣ್ಣ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಬೇರೆ ಏನು ಬೇಕಾದರೂ ಬರೆಯುತ್ತೇನೆ, ಆ ಎರಡು ಪದ ನನ್ನ ಪೆನ್ನಿನಿಂದ ಬರುವುದಿಲ್ಲ ಎಂದೆ.

ಸದಾನಂದಣ್ಣನಿಗೆ ಕಟಪಾಡಿಯ ಆಚೆ ಗುಳ್ಳ ಬದನೆಯ ಗದ್ದೆಯಿದೆ. ನಮ್ಮ ಮಟ್ಟುಗುಳ್ಳಕ್ಕೆ ಅಸಲಿ ಎಂದು ಗೊತ್ತಾಗಲು ಒಂದೊಂದರ ಮೇಲೂ ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಅದರ ಸಹಾಯದಿಂದ ಅವರಿಗೆ ವಿಷಯ ವಿವರಿಸಿದೆ. ಅವರು ಬಹಳ ಬೇಗ ಅರ್ಥ ಮಾಡಿಕೊಂಡರು.

“ಅಂದ್ರೆ ಗುಳ್ಳ ಗದ್ದೆಯಲ್ಲೇ ಇರ್ತದೆ. ಸಾಂಬಾರು ಊರವರೆಲ್ಲ ಉಣ್ಣಬಹುದು. ಒಬ್ಬ ಬಂದು ಸ್ಟಿಕ್ಕರ್ ಮಾತ್ರ ತಗೊಂಡು ಹೋಗುವುದು. ಹಾಗೆ ಅಲ್ವಾ?”

“ಹಾಗೇ. ಆ ಸ್ಟಿಕ್ಕರ್ ಅಂಟಿಸ್ಲಿಕ್ಕೆ ಸಾವಿರ ಪಂಪುಸೆಟ್ ಓಡಬೇಕು.”

“ಅದನ್ನು ತಗೊಳ್ಳುವವರು ಉಂಟಾ?”

“ಉಂಟಂತೆ.”

ಅವರು ಗದ್ದೆಯ ದಿಕ್ಕಿಗೆ ತಿರುಗಿದರು. ಗದ್ದೆಯಲ್ಲಿ ಎಷ್ಟು ಗುಳ್ಳ ಇದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಾರೋ ಎಂದು ನನಗೆ ಹೆದರಿಕೆಯಾಯಿತು. ಕೊನೆಗೆ ನಿಟ್ಟುಸಿರು ಬಿಟ್ಟು, “ಶ್ರುತಿ, ಸನ್ಮಾನ ಪತ್ರ ಅಂದ್ರೆ ಪೊಲೀಸ್ ವೆರಿಫಿಕೇಶನ್ ಅಲ್ಲ ಮಾರಾಯ್ತಿ. ನಿಜ ಮಾತ್ರ ಬರೀಲಿಕ್ಕೆ ಹೊರಟ್ರೆ ತಾರೀಕು ಮತ್ತು ಸ್ಥಳ ಬಿಟ್ಟು ಎಂತ ಉಳೀತದೆ?” ಎಂದರು. ನಾನು ಜಗ್ಗಲಿಲ್ಲ. “ನಿನಗೆ ಆಗದಿದ್ರೆ ಹೇಳು, ಕಟಪಾಡಿಯ ಫ್ಲೆಕ್ಸಿನವ ಅರ್ಧ ಗಂಟೆಯಲ್ಲಿ ಪ್ರಿಂಟ್ ಹೊಡೆದು ಕೊಡ್ತಾನೆ. ಇನ್ನು ಮುಂದೆಯೂ ಅವನೇ ಕೊಡ್ಲಿ.”

ಇದು ನನಗೆ ನಾಟಿತು. ಆರು ವರ್ಷ ಬರೆದ ಕೈಗೆ ಒಂದು ಫ್ಲೆಕ್ಸ್ ಯಂತ್ರ ಉತ್ತರಾಧಿಕಾರಿ! ಅಕ್ಷರ ಒಂದನ್ನು ಬಿಟ್ಟರೆ ಊರಿನಲ್ಲಿ ನನಗೆ ಬೇರೆ ಗುರುತಿಲ್ಲ. ಆದರೂ ಸೋಲಲಿಲ್ಲ. “ಕಡಲು ಉಳಿಸುವ ಕಾರ್ಯಕ್ರಮಕ್ಕೆ ಪ್ಲಾಸ್ಟಿಕ್ ಪತ್ರವಾ ಸದಾನಂದಣ್ಣ?” ಎಂದೆ. ಅವರು ತಲೆ ಕೆರೆದುಕೊಂಡು ಕೊನೆಗೆ ಒಂದು ಕರಾರು ಹಾಕಿದರು: ಆ ಎರಡು ಪದ ಬೇಡವಾದರೆ ಬೇಡ, ಆದರೆ ಫ್ರೇಮ್ ತಂದಾಗಿದೆ, ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಅದು ತುಂಬಬೇಕು. ಮಾರ್ಚ್ 10ರ ಒಳಗೆ ತುಂಬದಿದ್ದರೆ ಫ್ಲೆಕ್ಸ್.

ವಿಶೇಷಣಗಳಿಲ್ಲದೆ ಒಂದು ಫ್ರೇಮ್ ತುಂಬಿಸುವುದು ಎಷ್ಟು ಕಷ್ಟವೆಂದು ಅಂದು ರಾತ್ರಿ ಊಟಕ್ಕೆ ಮುಂಚೆಯೇ ತಿಳಿಯಿತು. ನನ್ನ ಎಂದಿನ ಅಕ್ಷರದಲ್ಲಿ ಆ ಫ್ರೇಮಿಗೆ ಇಪ್ಪತ್ತೆರಡು ಸಾಲು ಬೇಕು. ಅಕ್ಷರ ದಪ್ಪ ಮಾಡಿ ಮೋಸ ಮಾಡಬಾರದೆಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಗಾಯಕರ ಬಗ್ಗೆ ಖಾತ್ರಿಯಾಗಿ ಗೊತ್ತಿದ್ದ ಸತ್ಯಗಳು ಆರು. ಅದರಲ್ಲಿ ಒಂದು, ಅವರು ಎರಡು ಕಿವಿಗೂ ಒಂಟಿ ಹಾಕುತ್ತಾರೆ ಎಂಬುದು. ಅಮ್ಮ ಸೌತೆಕಾಯಿ ಹೆಚ್ಚುತ್ತಾ, “ಸುಮ್ಮನೆ ‘ಸರಳ ಸಜ್ಜನ’ ಅಂತ ಬರಿ. ಎಲ್ಲರಿಗೂ ಬರೆದಿದ್ದಿ, ಇವನಿಗೆ ಬರೀಲಿಕ್ಕೆ ಎಂತ ರೋಗ ನಿನಗೆ?” ಎಂದರು.

ಮಾರ್ಚ್ 6ರ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಟ್ಟು, ಕಟಪಾಡಿಯಲ್ಲಿ ಒಂದು ಬಸ್ಸು, ಉಡುಪಿಯಲ್ಲಿ ಇನ್ನೊಂದು ಹಿಡಿದು ಕಾರ್ಕಳಕ್ಕೆ ಹೋದೆ. ಗಾಯಕರಿಗೆ ಪಾಠ ಹೇಳಿದ ಟೀಚರ್ ನಿವೃತ್ತರಾಗಿ ಶಾಲೆಯ ಪಕ್ಕದಲ್ಲೇ ಇದ್ದಾರೆ. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವರು, ಕಾಗೆ ಓಡಿಸುವ ಕೋಲನ್ನು ನನ್ನ ಕೈಗೆ ಕೊಟ್ಟು ಮಾತಿಗೆ ಕುಳಿತರು.

“ಪ್ರಾರ್ಥನೆ ಹಾಡುವುದು ಅವನೇ. ಶ್ರುತಿ ತಪ್ಪಿದ್ದಿಲ್ಲ. ಲೆಕ್ಕ ಮಾತ್ರ ಸೊನ್ನೆ.”

“ಗಿಡ ಏನಾದ್ರೂ ನೆಟ್ಟದ್ದುಂಟಾ ಟೀಚರ್?”

“ನೆಟ್ಟಿದ್ದಾನಲ್ಲ! ವನಮಹೋತ್ಸವಕ್ಕೆ ಒಂದು ನೇರಳೆ ಗಿಡ. ಫೋಟೊ ತೆಗೆದಾದ ಮೇಲೆ ನೀರು ಹಾಕಿದ್ದು ನಾನು, ಬೇಲಿ ಕಟ್ಟಿದ್ದು ನಾನು, ಎಮ್ಮೆ ಓಡಿಸಿದ್ದೂ ನಾನು. ಬನ್ನಿ, ತೋರಿಸ್ತೇನೆ.”

ಮರ ದೊಡ್ಡದಾಗಿತ್ತು. ಟೇಪು ಒಯ್ದಿದ್ದೆ, ಕಾಂಡದ ಸುತ್ತಳತೆ ನಾಲ್ಕಡಿ ಒಂದಿಂಚು. ಹೊರಡುವ ಹೊತ್ತಿಗೆ ನನ್ನ ಬಳಿ ಇಪ್ಪತ್ತೊಂದು ಸತ್ಯಗಳಿದ್ದವು. ಇಪ್ಪತ್ತೆರಡನೆಯದು ಬಸ್ಸಿನಲ್ಲೇ ತಯಾರಾಯಿತು.

ಪತ್ರ ಮಾರ್ಚ್ 9ಕ್ಕೇ ಮುಗಿಯಿತು. ಸದಾನಂದಣ್ಣ ಅದನ್ನು ದೂರ ಹಿಡಿದು, ಫ್ರೇಮ್ ತುಂಬಿದೆಯೋ ಎಂದಷ್ಟೇ ನೋಡಿ, ಒಳಗಿಟ್ಟು ಮೊಳೆ ಹೊಡೆಸಿದರು. ಓದಿ ನೋಡಲಿಲ್ಲ. ಊರಿನಲ್ಲಿ ಸನ್ಮಾನ ಪತ್ರವನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆ ಜ್ಞಾನವನ್ನು ಉಪಯೋಗಿಸಿಕೊಂಡದ್ದು ಮೊದಲ ಬಾರಿ.

ಮಾರ್ಚ್ 12ರ ಶನಿವಾರ ಸಂಜೆ ಆರಕ್ಕೆ ಕಾರ್ಯಕ್ರಮ. ಗಾಯಕರು ಆರೂ ಐವತ್ತೈದಕ್ಕೆ ಬಂದರು. ವೇದಿಕೆಗೆ ನಲವತ್ತಾರು ದೀಪ, ಹಿಂದೆ ಜನರೇಟರು. ಶಾಲು, ಹಾರ, ಪೇಟ ಆಯಿತು. ಹಣ್ಣಿನ ಬುಟ್ಟಿ ಪ್ಲಾಸ್ಟಿಕ್ ಹೊದ್ದುಕೊಂಡೇ ಬಂದಿತು. ನನ್ನನ್ನು ಕರೆದರು. ಮೈಕಿನ ಮುಂದೆ ನಿಂತು ಓದಿದೆ: ಇವರು ಕಾರ್ಕಳದಲ್ಲಿ ಓದಿದವರು. ಶ್ರುತಿ ತಪ್ಪದೆ ಹಾಡುತ್ತಾರೆ. ಗಣಿತದಲ್ಲಿ ಇವರಿಗೆ ಆಸಕ್ತಿ ಇರಲಿಲ್ಲ. ಇವರ ಹಾಡು ಕೇಳಿ ಒಬ್ಬಳು ಲಿಫ್ಟ್ ಬಿಟ್ಟಿದ್ದಾಳೆ. ಇವರು ಒಂದು ನೇರಳೆ ಗಿಡ ನೆಟ್ಟಿದ್ದಾರೆ; ಅದಕ್ಕೆ ನೀರು ಹಾಕಿದವರು ಇವರ ಟೀಚರ್.

ಸಭೆಯಲ್ಲಿ ಮೊದಲು ಗುಸುಗುಸು, ಆಮೇಲೆ ನಗು, ಆಮೇಲೆ ಪೂರ್ತಿ ಮೌನ. ಜನ ಕೇಳುತ್ತಿದ್ದರು! ಸದಾನಂದಣ್ಣ ಎರಡು ಸಲ ಕೆಮ್ಮಿದರು. ನಾನು ಕೊನೆಯ ಸಾಲಿಗೆ ಬಂದೆ: “ಇವರು ಕಡಲಾಮೆಯ ಚಿತ್ರಗಳನ್ನು ಕ್ರಿಪ್ಟೊ ಸಂಗ್ರಹವಾಗಿ ಮಾರುತ್ತಿದ್ದಾರೆ. ಅದಕ್ಕೆ ಖರ್ಚಾಗುವ ವಿದ್ಯುತ್ತಿನಿಂದ ಕಡಲಾಮೆಗೆ ಏನು ಉಪಕಾರ ಎಂಬುದನ್ನು ತಿಳಿಯಲು ನಾವು ಕುತೂಹಲಿಗಳಾಗಿದ್ದೇವೆ.”

ಗಾಯಕರು ಎದ್ದು ಬಂದು ಮೈಕಿನಲ್ಲಿ, “ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಯಾರೂ ಹೀಗೆ ನಿಜ ಹೇಳಿರಲಿಲ್ಲ” ಎಂದರು. ಭಾರೀ ಚಪ್ಪಾಳೆ. ವೇದಿಕೆಯ ಹಿಂದೆ ಅವರನ್ನು ಹಿಡಿದೆ.

“ಸರ್, ಆಮೆಯ ವಿಷಯ?”

“ಸಿಸ್ಟರ್, ಅದರಲ್ಲಿ ಒಂದು ಪಾಲು ಆಮೆಗಳಿಗೇ ಹೋಗ್ತದೆ.”

“ಎಷ್ಟನೇ ಪಾಲು?”

“ಅದನ್ನು ಟೀಮಿನವರು ನೋಡ್ಕೊಳ್ತಾರೆ.”

“ಮತ್ತೆ ಕರೆಂಟ್?”

“ನಮ್ಮ ಸ್ಟುಡಿಯೋಗೆ ಪೂರ್ತಿ ಎಲ್‌ಇಡಿ ಹಾಕಿಸಿದ್ದೇನೆ,” ಎಂದರು, ಬಹಳ ಪ್ರಾಮಾಣಿಕವಾಗಿ. ಆಮೇಲೆ, “ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಖಂಡಿತ ಏನಾದ್ರೂ ಮಾಡ್ತೇನೆ” ಎಂದು ಕೈಮುಗಿದು, ಫ್ರೇಮನ್ನು ಎದೆಗೆ ಅಪ್ಪಿಕೊಂಡು ಕಾರು ಹತ್ತಿದರು. ಸದಾನಂದಣ್ಣ ಬಂದು, “ನನ್ನ ಬಿಪಿ ಏರಿಸಿದಿ ಮಾರಾಯ್ತಿ. ಆದ್ರೆ ಜನ ಚೇರು ಬಿಟ್ಟು ಏಳ್ಲಿಲ್ಲ. ಮುಂದಿನ ಸಲವೂ ನೀನೇ ಬರಿ” ಎಂದರು. ನಾನು ಗೆದ್ದೆನೆಂದು ಆ ದಿನದ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಅವರು ಮಾತಿಗೆ ತಪ್ಪಲಿಲ್ಲ, ಏನಾದರೂ ಮಾಡಿದರು. ನಿನ್ನೆ, ಮಾರ್ಚ್ 19, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪ್ರಶಾಂತ ಒಂದು ಲಿಂಕ್ ಕಳಿಸಿದ. ಗಾಯಕರ ಸಂಗ್ರಹಕ್ಕೆ ಹದಿಮೂರನೆಯ ಚಿತ್ರ ಸೇರಿತ್ತು. ಆಮೆಯಲ್ಲ, ನನ್ನ ಸನ್ಮಾನ ಪತ್ರ. ಇಪ್ಪತ್ತೆರಡು ಸಾಲೂ ಸ್ಪಷ್ಟವಾಗಿ, ಹಿನ್ನೆಲೆಯಲ್ಲಿ ಅಲೆಯ ಸದ್ದು. ‘ನನ್ನ ಕಣ್ಣು ತೆರೆಸಿದ ಕಾಗದ. ಲೋಕದಲ್ಲಿ ಒಂದೇ ಒಂದು’ ಎಂದು ಕೆಳಗೆ ಬರೆದಿದ್ದಾರೆ. ಎಂದರೆ ಈಗ ಆ ಸಾವಿರಾರು ಕಂಪ್ಯೂಟರ್‌ಗಳು, ವಿದ್ಯುತ್ತನ್ನು ಹಾಳು ಮಾಡಬೇಡಿ ಎಂದು ನಾನು ಬರೆದದ್ದನ್ನು ನಮೂದಿಸುವುದಕ್ಕಾಗಿ ಬಿಸಿಯಾಗುತ್ತಿವೆ. ಸದಾನಂದಣ್ಣನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮಂಡಲದ ಹೆಸರು ಕಾಣ್ತದಾ?” ಅಮ್ಮ ಕನ್ನಡಕ ಹಾಕಿಕೊಂಡು ಮೊಬೈಲನ್ನು ಹತ್ತಿರ ದೂರ ಮಾಡಿ ನೋಡಿ, “ಅಕ್ಷರ ಎಷ್ಟು ಚಂದ ಕಾಣ್ತದೆ” ಎಂದರು.

ಸಿಟ್ಟಿನಲ್ಲಿ ಒಂದು ಪ್ರತಿಭಟನೆಯ ಪತ್ರ ಬರೆಯಲೆಂದೇ ಇಂದು ಬೇಗ ಎದ್ದೆ. ಅದಕ್ಕೆ ಬೇಕಾದ ವಿವರ ನೋಡಿಕೊಳ್ಳಲು ಲಿಂಕ್ ತೆರೆದೆ. ನಿನ್ನೆಯಿಂದ ಹದಿನಾಲ್ಕು ಸಲ ತೆರೆದಿದ್ದೇನೆ. ಅದರಲ್ಲಿ ವಿವರಕ್ಕಾಗಿ ಎರಡು ಸಲ. ಉಳಿದ ಹನ್ನೆರಡು ಸಲ ಏತಕ್ಕೆಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಸತ್ಯವೇ ಬರೆಯುತ್ತೇನೆಂದು ಹಠ ಹಿಡಿದವಳು ನಾನು: ಅಷ್ಟು ದೊಡ್ಡದಾಗಿ, ಅಷ್ಟು ಬೆಳಕಿನಲ್ಲಿ ನನ್ನ ಅಕ್ಷರವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಈಗ ಎಂಟೂ ಕಾಲು. ಓದುಗರಲ್ಲಿ ಎರಡು ವಿಷಯ ಕೇಳಬೇಕಾಗಿದೆ. ಒಂದು, ಕೈಬರಹದ ಒಂದು ಹಾಳೆಯನ್ನು ಹೀಗೆ ಮಾರಾಟಕ್ಕಿಟ್ಟರೆ ಎಷ್ಟು ವಿದ್ಯುತ್ ಹೋಗುತ್ತದೆ, ಅದರಲ್ಲಿ ಬರೆದವಳ ಪಾಲೆಷ್ಟು? ಎರಡು, ಅದನ್ನು ಅಲ್ಲಿಂದ ತೆಗೆಸುವುದು ಹೇಗೆ? ಮೊದಲನೆಯದು ಗೊತ್ತಿರುವವರು ದಯವಿಟ್ಟು ಕೂಡಲೇ ಬರೆದು ತಿಳಿಸಿ. ಎರಡನೆಯದಕ್ಕೆ ಅಷ್ಟೇನೂ ಅವಸರವಿಲ್ಲ.