ಏಣಿರಾಯರ ಹೊಟ್ಟೆಯೊಳಗಿನ ಪ್ರಜೆಗಳು

ತಮ್ಮ ಹೊಟ್ಟೆಗೆ ತಾವು ಕಾರಣರಲ್ಲ ಎಂದು ಗೊತ್ತಾದ ದಿನ ಏಣಿರಾಯರು ನೆಮ್ಮದಿಯಿಂದ ಎರಡು ತುತ್ತು ಹೆಚ್ಚಿಗೆ ಉಂಡರು.

ಅಗ್ನಿಶಾಮಕ ಠಾಣೆಯಲ್ಲಿ ಹದಿನೆಂಟು ವರ್ಷದಿಂದ ಏಣಿ ಹತ್ತುವ ಕೆಲಸ ಅವರದು. ಹಾಗಾಗಿ ಆ ಹೆಸರು. ಕೆಳಗೆ ನೆರೆದ ಜನ ಕತ್ತೆತ್ತಿ ತಮ್ಮನ್ನೇ ನೋಡುವಾಗ ಅವರಿಗಾಗುತ್ತಿದ್ದ ಖುಷಿ ಸಂಬಳದ ದಿನವೂ ಆಗುತ್ತಿರಲಿಲ್ಲ. ಆದರೆ ಏಣಿ ಹತ್ತುವವರ ತೂಕ ಎಂಬತ್ತು ಕಿಲೋ ದಾಟಬಾರದೆಂಬುದು ಠಾಣೆಯ ನಿಯಮ. ರಾಯರು ಎಂಬತ್ತಾರು ಇದ್ದರು. ಇನ್ನೊಂದು ತಿಂಗಳಿಗೆ ವಾರ್ಷಿಕ ತಪಾಸಣೆ. ಅಷ್ಟರಲ್ಲಿ ಇಳಿಯದಿದ್ದರೆ ಏಣಿ ಬೇರೆಯವರಿಗೆ, ರಾಯರು ಟೆಲಿಫೋನ್ ಕೋಣೆಗೆ. ಅದನ್ನು ನೆನೆದರೆ ಅವರಿಗೆ ಅಳು ಬರುತ್ತಿತ್ತು. ಅತ್ತರೆ ಹಸಿವಾಗುತ್ತಿತ್ತು.

ಹೀಗಿರುವಾಗ ಹಲ್ಲಿನ ಡಾಕ್ಟರರಲ್ಲಿ ಸರದಿಗೆ ಕಾಯುತ್ತ ಒಂದು ಪತ್ರಿಕೆ ಕೈಗೆ ಸಿಕ್ಕಿತು. ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ವಾಸವಾಗಿವೆ, ತಿಂದದ್ದು ಎಷ್ಟು ಮೈಗೆ ಹತ್ತಬೇಕೆಂಬುದರಲ್ಲಿ ಅವುಗಳ ಕೈವಾಡವೂ ಇದೆ ಎಂದು ಅದರಲ್ಲಿ ಬರೆದಿತ್ತು. ದಪ್ಪ ಇಲಿಯನ್ನೂ ಸಣಕಲು ಇಲಿಯನ್ನೂ ಒಂದೇ ಪಂಜರದಲ್ಲಿಟ್ಟರಂತೆ. ಸಣಕಲಿನ ಬ್ಯಾಕ್ಟೀರಿಯಾ ದಪ್ಪದ್ದರ ಹೊಟ್ಟೆಗೆ ದಾಟಿ, ಅದು ಊದುವುದು ನಿಂತೇಹೋಯಿತಂತೆ! ರಾಯರು (ಹಲ್ಲುನೋವನ್ನೂ ಮರೆತು) ಪತ್ರಿಕೆಯನ್ನು ಕೇಳಿ ತೆಗೆದುಕೊಂಡು ಮನೆಗೆ ಓಡಿದರು.

"ಲೇ, ನಿನ್ನ ತಮ್ಮನ್ನ ಕರೆಸು. ಒಂದು ತಿಂಗಳು ನಮ್ಮಲ್ಲೇ ಇರ್ಲಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರದ ಹೆಂಡತಿ ಅವರ ಹಣೆ ಮುಟ್ಟಿ ನೋಡಿದಳು. "ಜ್ವರ ಏನೂ ಇಲ್ವಲ್ಲ!"

ತಮ್ಮ ಎಂದರೆ ಗಡಿಯಾರ ರಿಪೇರಿ ಮಾಡುವ ಕಡ್ಡಿ. ಮೂವರ ಊಟ ಮಾಡಿಯೂ ಐವತ್ತು ಕಿಲೋ ದಾಟದ ಮಹಾನುಭಾವ. ಅವನು ಪೆಟ್ಟಿಗೆಯೊಂದಿಗೆ ಬಂದಿಳಿದ ದಿನದಿಂದ ರಾಯರು ಅವನಿಗೆ ಅಂಟಿಕೊಂಡರು. ಅವನ ಲೋಟದಲ್ಲಿ ಉಳಿದ ನೀರು ಇವರಿಗೆ. ಅವನು ಒರೆಸಿಕೊಂಡ ಟವಲ್ಲೂ ಇವರಿಗೇ.

"ಭಾವ, ನನ್ ಮೇಲೆ ನಿಮಗೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದು ಕಡ್ಡಿ ಕಣ್ಣೊರೆಸಿಕೊಂಡ. (ರಾಯರು ತಕ್ಷಣ ಆ ಕರವಸ್ತ್ರವನ್ನೂ ಇಸಿದುಕೊಂಡರು.)

ದೂರದಿಂದ ಬರುವ ಬ್ಯಾಕ್ಟೀರಿಯಾಗಳಿಗೆ ಬರಿಗೈಯಲ್ಲಿ ಸ್ವಾಗತ ಹೇಳಲಾದೀತೇ? ಬೆಳಿಗ್ಗೆ ಬೆಣ್ಣೆ, ಮಧ್ಯಾಹ್ನ ಕರಿದದ್ದು, ಸಂಜೆ ಸಿಹಿ. ಭಾವ ಭಾವಮೈದುನರಿಬ್ಬರೂ ಅಕ್ಕಪಕ್ಕ ಕೂತು ಬಾರಿಸಿದರು. ಹೆಂಡತಿ ಮಾತ್ರ ಪತ್ರಿಕೆ ಹಿಡಿದು ಬಂದಳು.

"ರೀ, ಮುಂದಿನ ಪುಟ ಓದಿದ್ರಾ? ಜಿಡ್ಡು ಕಮ್ಮಿ ಮಾಡಿ ನಾರಿನಂಶ ತಿಂದ ಇಲಿಗಳಲ್ಲಿ ಮಾತ್ರ ಇದು ಕೆಲಸ ಮಾಡಿತ್ತಂತೆ."

"ಇಲಿಗೆ ಮನೋಬಲ ಇಲ್ಲ ಕಣೇ."

"ಬ್ಯಾಕ್ಟೀರಿಯಾ ದಾಟಿದ್ದು ಹೇಗೆ ಅಂತಾನೂ ಬರ್ದಿದಾರೆ. ಒಂದರ ಹಿಕ್ಕೆನ ಇನ್ನೊಂದು ತಿಂತಿತ್ತಂತೆ."

ರಾಯರ ತುತ್ತು ಗಾಳಿಯಲ್ಲೇ ನಿಂತಿತು. ಕಡ್ಡಿ ಮೆಲ್ಲಗೆ ಒಂದು ಮಾರು ದೂರ ಸರಿದ.

"ನಾವು ಟವಲ್ಲಿಗೇ ನಿಲ್ಲಿಸೋಣ," ಎಂದು ರಾಯರು ತೀರ್ಪು ಕೊಟ್ಟರು.

ತಪಾಸಣೆಯ ದಿನ ತಕ್ಕಡಿಯ ಮುಳ್ಳು ತೊಂಬತ್ತೊಂದಕ್ಕೆ ಬಂದು ನಿಂತಿತು. ಆದರೆ ರಾಯರು ಸುಮ್ಮನೆ ಸೋಲುವವರೇ? ಸಾಕ್ಷಿಗೆಂದು ಕಡ್ಡಿಯನ್ನು ಕರೆತಂದಿದ್ದರು. ಅವನೀಗ ಐವತ್ತೆಂಟು. ಪ್ಯಾಂಟಿನ ಗುಂಡಿ ಹಾರಿಹೋಗಿ ಆ ಜಾಗವನ್ನು ಒಂದು ಪಿನ್ನು ಕಾಯುತ್ತಿತ್ತು.

"ಸಾರ್, ಬ್ಯಾಕ್ಟೀರಿಯಾ ದಾಟಿರೋದು ನಿಜ. ದಿಕ್ಕು ಮಾತ್ರ ತಪ್ಪಿದೆ," ಎಂದು ರಾಯರು ಹಲಗೆಯ ಮೇಲೆ ಕರುಳಿನ ಚಿತ್ರ ಬರೆದರು. "ನನ್ನವು ಭಾರಿ ಜೋರು. ಬರೀ ಜೊತೆಗಿದ್ದ ಇವನೇ ಎಂಟು ಕಿಲೋ ಏರಿದಾನೆ. ಅವುಗಳನ್ನ ಹೊತ್ಕೊಂಡಿರೋ ನನ್ ಪಾಡೇನು? ಇದರಲ್ಲಿ ನನ್ನ ತಪ್ಪೇನಿದೆ ಹೇಳಿ!"

ಠಾಣಾಧಿಕಾರಿ ಇಷ್ಟು ಗಮನವಿಟ್ಟು ಅವರ ಮಾತನ್ನು ಯಾವತ್ತೂ ಕೇಳಿರಲಿಲ್ಲ. ಕೇಳುತ್ತ ಕೇಳುತ್ತ ಎರಡು ಹೆಜ್ಜೆ ಹಿಂದೆ ಸರಿದರು.

"ಅಂದ್ರೆ, ನಿಮ್ ಜೊತೆ ಊಟಕ್ಕೆ ಕೂತವರೆಲ್ಲ ಹೀಗಾಗ್ತಾರೆ ಅಂತೀರಾ?"

"ಖಂಡಿತ ಸಾರ್!" ಎಂದರು ರಾಯರು, ಗೆದ್ದ ಹುರುಪಿನಲ್ಲಿ.

ವಾಹನದ ಚಾಲಕ ಹಗ್ಗದ ಮೇಲಿದ್ದ ತನ್ನ ಟವಲನ್ನು ಸದ್ದಿಲ್ಲದೆ ಎಳೆದುಕೊಂಡ. ಪೈಪು ಹಿಡಿಯುವವನು ರಾಯರ ಡಬ್ಬಿಗೆ ತಾಗಿಕೊಂಡಿದ್ದ ತನ್ನ ಊಟದ ಡಬ್ಬಿಯನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡ. ಮಧ್ಯಾಹ್ನದ ಹೊತ್ತಿಗೆ ರಾಯರಿಗೆ ಟೆಲಿಫೋನ್ ಕೋಣೆಯ ಜೊತೆಗೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಲೋಟ, ಪ್ರತ್ಯೇಕ ನಲ್ಲಿ ಮಂಜೂರಾದವು. ಕಿಟಕಿಯಾಚೆ ಪೈಪು ಹಿಡಿಯುವವನು ಅವರ ಏಣಿಯನ್ನು ಸರಸರನೆ ಹತ್ತುವುದನ್ನು ನೋಡಿ ರಾಯರಿಗೆ ನಿಜಕ್ಕೂ ದುಃಖವಾಯಿತು. (ಹಸಿವೂ ಆಯಿತು.)

ಅಷ್ಟರಲ್ಲಿ ಫೋನು ಕಿರುಚಿತು. ರಾಯರು ಎದೆಯುಬ್ಬಿಸಿ ಎತ್ತಿಕೊಂಡರು. "ಅಗ್ನಿಶಾಮಕ ಠಾಣೆ! ಬೆಂಕಿ ಎಲ್ಲಿ?"

"ಬೆಂಕಿ ಅಲ್ಲ ರೀ, ನಾನು. ತಮ್ಮ ಬಂದು ಎಲ್ಲಾ ಹೇಳ್ದ. ಸಾಹೇಬರೇ ಒಪ್ಪಿದ್ರಂತಲ್ಲ! ನಾನೇ ಸುಮ್ನೆ ನಿಮ್ಮನ್ನ ಆಡಿಕೊಂಡೆ. ನಿಮ್ಮ ಹಾಸಿಗೆ, ತಟ್ಟೆ ಎಲ್ಲಾ ಹೊರಗಿನ ಕೋಣೆಗೆ ಹಾಕಿದೀನಿ. ಬೇಯಿಸಿದ ಸೊಪ್ಪು ಕಿಟಕೀಲಿ ಇಟ್ಟಿರ್ತೀನಿ, ತಗೊಳ್ಳಿ. ಆಮೇಲೆ ನೋಡಿ, ಬಸ್ಸಲ್ಲಿ ಬರ್ತಾ ಯಾರ ಪಕ್ಕಾನೂ ಕೂತ್ಕೋಬೇಡಿ. ಪಾಪ, ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರೆ."