ಭಾವ ಬಿಟ್ಟುಕೊಡದ ಟೆಂಪ್ಲೇಟು

ನಮ್ಮ ಹೋಮ್‌ಸ್ಟೇ ವೆಬ್‌ಸೈಟಿಗೆ ನಾನು ತೆತ್ತ ಬೆಲೆ ಒಂದು ವರ್ಷದ ಕಾಫಿಪುಡಿ. ಮಲ್ಲಂದೂರಿನಲ್ಲಿ ಮುಂಗಡ ಕೇಳದೆ ಅಂಥ ಕೆಲಸ ಮಾಡುವವರು ನನ್ನ ಅಕ್ಕನ ಗಂಡನನ್ನು ಬಿಟ್ಟರೆ ಇನ್ಯಾರಿದ್ದರು? ಅಕ್ಕ ಇದ್ದಾಗಿನ ಮಾತು. ಅಗ್ಗವಾಯಿತೆಂದು ಹಿಗ್ಗಿದ್ದೆ. ಭಾವನಿಂದ ಅಗ್ಗಕ್ಕೆ ಕೆಲಸ ಮಾಡಿಸಿಕೊಂಡು ನೆಮ್ಮದಿಯಾಗಿದ್ದವರನ್ನು ನಾನಂತೂ ಕಂಡಿಲ್ಲ!

ವೆಬ್‌ಸೈಟಿನ ಪ್ರತಿ ಪುಟಕ್ಕೂ ಒಂದು ಟೆಂಪ್ಲೇಟು, ಅಂದರೆ ಅಚ್ಚು, ಇರುತ್ತದೆ. ವಿಳಾಸಕ್ಕೊಂದು, ಸುದ್ದಿಗೊಂದು, ಕೋಣೆಗೊಂದು. ಭಾವನಿಗೆ ಒಲಿದದ್ದು ಕೋಣೆಯ ಅಚ್ಚು ಮಾತ್ರ. ಅದರಲ್ಲಿ ಫೋಟೊ ದೊಡ್ಡದಾಗಿ ಬರುತ್ತದಂತೆ. ಹಾಗಾಗಿ ಕಾಫಿ ಒಣಗಿಸುವ ಕಣಕ್ಕೂ ಅದೇ, ನಮ್ಮ ನಾಯಿ ಕರಿಯನಿಗೂ ಅದೇ. ಕೆಳಗೆ ‘ಈಗಲೇ ಕಾದಿರಿಸಿ’ ಎಂಬ ಗುಂಡಿ ತಾನಾಗಿ ಬರುತ್ತಿತ್ತು. ದಾವಣಗೆರೆಯ ಸಂಸಾರವೊಂದು ಕರಿಯನನ್ನೇ ಕಾದಿರಿಸಿಬಿಟ್ಟಿತು! ನಾನು ರೇಗಿದರೆ, ಅವನ ಗೂಡಾದ್ರೂ ನಿನ್ನ ಮೂಲೆ ರೂಮಿನ ಹಾಗೆ ಸೋರಲ್ಲ ಮಾರಾಯ ಎಂದರು ಭಾವ. ಅಕ್ಕ ಒಳಗಿನಿಂದ ನಕ್ಕಳು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಭಾವನ ತಮಾಷೆ ನಿಂತುಹೋಯಿತು. ನನ್ನ ವ್ಯವಹಾರ ನಿಲ್ಲಿಸಲಾದೀತೆ? ಚಿಕ್ಕಮಗಳೂರಿನಲ್ಲಿ ಚೌಕಾಸಿ ಮಾಡಿ ಹೊಸ ಅಚ್ಚು ಮಾಡಿಸಿದೆ. ಹಳೆಯದನ್ನು ಅಳಿಸಿದರೆ ಅದರಲ್ಲಿರುವ ಪುಟಗಳೂ ಹೋಗುತ್ತವೆ, ಮೊದಲು ನೋಡಿಕೊಳ್ಳಿ ಎಂದು ಮಾಡಿಕೊಟ್ಟವರು ಎಚ್ಚರಿಸಿದರು. ಹಳೆಯದನ್ನು ಮುಟ್ಟಕೂಡದು ಎಂದು ಭಾವ ಊಟ ಬಿಟ್ಟು ಕೂತರು. ಕಾರಣ ಕೇಳಿದರೆ ಕರಿಯನಿಗೆ ಅನ್ನ ಹಾಕಲು ಎದ್ದು ಹೋದರು.

ಪುಟಗಳನ್ನು ಅವುಗಳ ಟೆಂಪ್ಲೇಟಿನ ಪ್ರಕಾರ ಹುಡುಕಬಹುದು. ‘ಕೋಣೆ’ ಎಂದು ಆರಿಸಿದೆ. ರೂಮುಗಳು ಬಂದವು, ಕಣ ಬಂತು, ಕರಿಯ ಬಂದ. ಕೊನೆಗೆ ಅಕ್ಕನ ಹೆಸರು. ಯಾವ ಮೆನುವಿಗೂ ಸೇರಿಸದ, ಪ್ರಕಟವಾಗದ ಪುಟ. ತೆರೆದರೆ ಪರದೆ ತುಂಬ ಅಕ್ಕ. ಕಣದಲ್ಲಿ ಕಾಫಿ ಹರವುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಕೋಣೆ ಸಿಗುವ ಅವಧಿ ಬರೆಯುವಲ್ಲಿ, ‘ಎಂದಿನಿಂದ’ ಎಂಬುದರ ಮುಂದೆ ಅವಳ ಮದುವೆಯ ತಾರೀಖು. ‘ಎಂದಿನವರೆಗೆ’ ಖಾಲಿ. ಅಲ್ಲಿ ‘ತುಂಬಿ’ ಎಂದು ಕೆಂಪಕ್ಷರ ಮಿನುಗುತ್ತಿತ್ತು.

ಭಾವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಇದನ್ನ ತುಂಬದಿದ್ರೆ ಪುಟ ಯಾರಿಗೂ ಕಾಣಲ್ಲ ಭಾವ,” ಎಂದೆ.

“ನಂಗೆ ಕಾಣ್ತದಲ್ಲ, ಸಾಕು. ತಾರೀಖು ಹಾಕು ಅಂತ ತೆಗೆದಾಗೆಲ್ಲ ಕೇಳ್ತದೆ ಅದು. ನಾನು ಹಾಕಲ್ಲ.”

ಹಳೆಯ ಟೆಂಪ್ಲೇಟು ಅಳಿಸಲು ಹೊರಟವರಿಗೆ ನನ್ನ ಸಲಹೆ ಇಷ್ಟೆ. ಅದರಲ್ಲಿ ಯಾವ ಯಾವ ಪುಟಗಳಿವೆ ಎಂದು ಮೊದಲು ಹುಡುಕಿ. ಪ್ರಕಟವಾಗದವನ್ನೂ ಬಿಡದೆ ನೋಡಿ. ಯಾರಿಗಾದರೂ ಬೇಕಾದ ಒಂದೇ ಒಂದು ಪುಟ ಸಿಕ್ಕರೂ ಅಳಿಸಬೇಡಿ. ಇದ್ದಲ್ಲೇ ಇರಲಿ, ಅದಕ್ಕೇನು ಬಾಡಿಗೆ ಕೇಳುತ್ತಾರೆಯೇ?