ಕೋಟೆಯ ಕಿಟಕಿಯಲ್ಲಿ ನಿಂತ ಹೆಂಗಸಿನ ಬಗ್ಗೆ ವಿವರಣೆ

ಇಂದ,
ಮೊಯ್ದು, ಪೇಂಟರ್,
ಬೋರ್ಡ್ ವರ್ಕ್‌ಶಾಪ್, ಟುಬ್ಲಿ, ಬಹರೈನ್.

ಗೆ,
ಶ್ರೀ ಸುಧೀಂದ್ರ ಅವರು, ಮ್ಯಾನೇಜರ್,
ಸೀಫ್ ಕಚೇರಿ.

ದಿನಾಂಕ: 12-02-2014

ವಿಷಯ: ಸೀಫ್‌ನ ಮಾಲ್‌ನಲ್ಲಿ ಮಕ್ಕಳ ಆಟದ ಜಾಗದ ಗೋಡೆಗೆ ಯುರೋಪ್ ಬರೆಯುವಾಗ ಆದ ಮೂರು ತಪ್ಪುಗಳ ಕುರಿತು.
ಉಲ್ಲೇಖ: ಭಾನುವಾರ ತಾವು ಫೋನಿನಲ್ಲಿ ಬೈದದ್ದು.

ಮಾನ್ಯರೇ,

ವಿವರಣೆಯನ್ನು ಬರಹದಲ್ಲಿ ಕೊಡು ಎಂದಿದ್ದೀರಿ. ಇಂಗ್ಲಿಷಿನಲ್ಲಿ ಬರೆಸಿದರೆ ನಾನು ಮಾಡದ ತಪ್ಪಿಗೂ ಕ್ಷಮೆ ಕೇಳಿದಂತಾಗುತ್ತದೆ. ಆದಕಾರಣ, ನಮ್ಮಿಬ್ಬರಿಗೂ ಬರುವ ಕನ್ನಡದಲ್ಲಿ ಬರೆದಿದ್ದೇನೆ.

1. ಕೆಲಸ ಒಪ್ಪಿಸಿದ ದಿನ ತಾವು ಒಂದು ಕೋಟೆಯ ಚಿತ್ರ ಕೊಟ್ಟು, “ಇದು ಜರ್ಮನಿಯದ್ದು. ಕಾರ್ಟೂನ್ ಸಿನಿಮಾದವ್ರು ಇಂಥ ಹಳೇ ಕೋಟೆ, ಬೆಟ್ಟ, ಸ್ನೋ ಎಲ್ಲಾ ಹೋಗಿ ನೋಡ್ಕೊಂಡು ಬಂದೇ ಬರೆಯೋದು,” ಎಂದಿರಿ. “ನನ್ನನ್ನು ಎಲ್ಲಿಗೆ ಕಳಿಸ್ತೀರಿ ಸಾರ್?” ಎಂದು ಕೇಳಿದೆ. “ಸೀಫ್‌ಗೆ. ವ್ಯಾನ್ ಕಾಯ್ತಿದೆ,” ಎಂದಿರಿ.

2. ಪ್ರಿಂಟರಿನಲ್ಲಿ ಕಲರ್ ಇಂಕ್ ಮುಗಿದಿದ್ದ ಕಾರಣ ಚಿತ್ರ ಕಪ್ಪು-ಬಿಳುಪಾಗಿತ್ತು. ಆದ್ದರಿಂದ ಕೋಟೆಯ ಮೇಲಿನ ಮಾಡಿನ ಬಣ್ಣವನ್ನು ನಾನೇ ಊಹಿಸಬೇಕಾಯಿತು. ನನ್ನ ಅಜ್ಜ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದವರು. ಆ ಕಾರ್ಖಾನೆಗಳನ್ನು ನಮ್ಮಲ್ಲಿಗೆ ತಂದದ್ದೇ ಜರ್ಮನಿಯ ಪಾದ್ರಿಗಳೆಂದು ಹೇಳುತ್ತಿದ್ದರು. ಆದಕಾರಣ, ಕೋಟೆಗೆ ನಮ್ಮ ಕೆಂಪು ಹೆಂಚು ಹೊದಿಸಿದೆ. ಮಾಲ್‌ನವರು ನೀಲಿ ಎಂದರು, ನೀಲಿ ಮಾಡಿದ್ದೇನೆ. ಚರಿತ್ರೆ ಮಾತ್ರ ನನ್ನ ಕಡೆಗಿದೆ ಎಂಬುದು ದಾಖಲೆಯಲ್ಲಿರಲಿ.

3. ಹಿಮವನ್ನು ನಾನು ಕಂಡವನಲ್ಲ. ಆದ್ದರಿಂದ ಸೆಗಯಾದಲ್ಲಿ ನನ್ನ ರೂಮಿನಲ್ಲೇ ಇರುವ ಅಬ್ದುಲ್ ಹಕೀಂ ಕೆಲಸ ಮಾಡುವ ಮೀನಿನ ಗೋಡೌನಿಗೆ ಹೋಗಿ, ಫ್ರೀಜರ್ ಕೋಣೆಯೊಳಗೆ ಕುಳಿತು ನೋಡಿಕೊಂಡೆ. “ಸಾಕು, ಹೊರಗೆ ಬಾ ಮಾರಾಯ. ನೀನು ಸತ್ರೆ ಧಣಿಗೆ ಉತ್ತರ ಕೊಡ್ಬೇಕಾದವ ನಾನು,” ಎಂದು ಅವನೇ ಎಳೆದು ತಂದ. ಅಲ್ಲಿಯ ಹಿಮ ತುಸು ಹಳದಿ. ಹಾಗೆಯೇ ಬರೆದೆ. ಬೆಟ್ಟ ಕೊಳೆಯಾಗಿದೆ ಎಂದು ದೂರು ಬಂದ ಕಾರಣ ಬಿಳಿ ಬಳಿದಿದ್ದೇನೆ. ನಂತರ ಬಂದ ಮೂರು ದಿನದ ಜ್ವರವನ್ನು ಕಂಪನಿಯ ಕೆಲಸವೆಂದು ಪರಿಗಣಿಸಬೇಕು.

4. ಕಿಟಕಿಯಲ್ಲಿ ಒಬ್ಬಳು ರಾಜಕುಮಾರಿ ಇರಲಿ ಎಂದಿರಿ. ಚಿತ್ರ ಕೊಡಲಿಲ್ಲ. ಬರೆಯುತ್ತಾ ಹೋದೆ. ಆಟದ ಜಾಗ ನೋಡಿಕೊಳ್ಳುವ ನಮ್ಮ ಮಂಗಳೂರಿನ ಕ್ಲಾರಾ ಬಾಯಿ ಏಣಿಯ ಕೆಳಗೆ ನಿಂತು, “ರಾಜಕುಮಾರಿಗೆ ಪ್ರಾಯ ಸ್ವಲ್ಪ ಜಾಸ್ತಿ ಆಯ್ತಲ್ಲ ಬ್ಯಾರಿಗಳೇ. ತಲೆಗೆ ಶಾಲು ಬೇರೆ ಉಂಟು. ಯಾರಿವರು?” ಎಂದು ಕೇಳಿದಾಗಲೇ ನಾನೂ ಸರಿಯಾಗಿ ನೋಡಿದ್ದು.

ಅದು ನನ್ನ ಹೆಂಡತಿ ಸುಬೈದಾ. ಉಳ್ಳಾಲದಲ್ಲಿದ್ದಾಳೆ. ನನ್ನ ರಜೆಯನ್ನು ತಾವು ಎರಡು ಸಲ ಮುಂದೂಡಿದ ಕಾರಣ, ನೋಡದೆ ಮೂರು ವರ್ಷವಾಯಿತು. ಬೇಕೆಂದು ಬರೆದದ್ದಲ್ಲ ಸಾರ್. ಹೆಂಗಸಿನ ಮುಖ ಎಂದಾಗ ಕೈಗೆ ಬಂದದ್ದು ಅದೊಂದೇ.

5. ಕೂದಲು ಚಿನ್ನದ ಬಣ್ಣದ್ದಾಗಬೇಕು, ಮುಖ ಬದಲಾಗಬೇಕು ಎಂಬ ತಮ್ಮ ಆಜ್ಞೆಯ ಪ್ರಕಾರ ಸೋಮವಾರ ಬಣ್ಣ ಕಲಸಿಕೊಂಡು ಮೂರು ಸಲ ಏಣಿ ಹತ್ತಿದೆ. ಮೂರು ಸಲವೂ ಇಳಿದೆ. “ಮಕ್ಕಳು ಹೋಗುವಾಗ ಕಿಟಕಿಯಲ್ಲಿರುವ ಅವರಿಗೆ ಟಾಟಾ ಮಾಡ್ತವೆ,” ಎಂದು ಕ್ಲಾರಾ ಬಾಯಿ ಹೇಳಿದರು. ಅದನ್ನೂ ತಮ್ಮ ಗಮನಕ್ಕೆ ತಂದಿದ್ದೇನೆ.

ಆದ್ದರಿಂದ, ಮುಖ ಅಳಿಸಲೇಬೇಕೆಂದಾದರೆ ಆ ಕೆಲಸವನ್ನು ಬೇರೆ ಪೇಂಟರಿಗೆ ಕೊಟ್ಟು, ಅಂದು ನನ್ನನ್ನು ಟುಬ್ಲಿಯಲ್ಲೇ ಇರಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮ ಕೈಕೆಳಗಿನ,
ಮೊಯ್ದು

ಲಗತ್ತು:
ಅ) ತಾವು ಕೊಟ್ಟ ಕೋಟೆಯ ಪ್ರಿಂಟ್.
ಆ) ಸುಬೈದಾಳ ಫೋಟೋ. ಹೋಲಿಕೆ ನೋಡಿದ ಮೇಲೆ ವ್ಯಾನಿನಲ್ಲೇ ಹಿಂದಕ್ಕೆ ಕಳಿಸುವುದು. ನನ್ನಲ್ಲಿ ಬೇರೆ ಇಲ್ಲ.